ಮೂರು ವರ್ಷ ಕಾಣ್ತಿಲ್ಲ

ಮಂಡಿಪೇಟೆಯ ನಮ್ಮ ಅಚ್ಚುಮನೆಯಲ್ಲಿ
ಪ್ರಾಂಶುಪಾಲರನ್ನು ಸೀಸದ ಮೊಳೆಯಲ್ಲಿ ಜೋಡಿಸಿದ್ದೇನೆ,
ಕುಲಪತಿಗಳನ್ನು ಕಂಪ್ಯೂಟರಿನಲ್ಲಿ.
ಎಲ್ಲರದೂ ಒಂದೇ ಪುಟ, ಒಂದೇ ಏಣಿ:
ಹುಟ್ಟೂರು, ಚಿನ್ನದ ಪದಕ, ಪಿಎಚ್.ಡಿ.,
ರೀಡರ್, ಪ್ರೊಫೆಸರ್, ಡೀನ್, ಸಿಂಡಿಕೇಟ್ ಸದಸ್ಯ,
ನಲವತ್ತೆರಡು ಲೇಖನ, ಜರ್ಮನಿಗೆ ಒಮ್ಮೆ.
ಯಾರೂ ಎಲ್ಲೂ ಜಾರಿದವರಲ್ಲ.
ಒಬ್ಬರ ಪುಟದಲ್ಲಿ ಇನ್ನೊಬ್ಬರ ಫೋಟೊ ಕೂತು
ಸಭೆ ಮುಗಿದ ಮೇಲಷ್ಟೇ ಗೊತ್ತಾದದ್ದುಂಟು.

ಮೊನ್ನೆ ಮೌಲ್ಯಮಾಪನ ಕುಲಸಚಿವರು,
ಪ್ರೊಫೆಸರ್ ಕೊಟ್ರಮ್ಮ, ತಾವೇ ಬಂದರು ಕರಡು ನೋಡಲು,
ಕಾರು ದೂರ ನಿಲ್ಲಿಸಿ
ಮೆಣಸಿನಕಾಯಿ ಚೀಲಗಳ ನಡುವೆ ದಾರಿ ಮಾಡಿಕೊಂಡು.
ಇಸವಿ ತಪ್ಪಿದರೆ ನನಗೆ ಕಣ್ಣಲ್ಲಿ ಕಸ ಬಿದ್ದಂತೆ.
"ಮೇಡಂ, ಎಸ್ಸೆಸ್ಸೆಲ್ಸಿ ಎಂಬತ್ಮೂರು,
ಪಿಯುಸಿ ಎಂಬತ್ತೆಂಟು.
ನಡುವೆ ಮೂರು ವರ್ಷ ಕಾಣ್ತಿಲ್ಲ. ನಾನೇ ಬಿಟ್ಟೆನಾ?"

ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು.
"ನೀವಲ್ಲ. ಗಣಿತ. ಎರಡು ಸಲ.
ಆಮೇಲೆ ಅವ್ವನ ಜೊತೆ ಮಂಡಕ್ಕಿ ಭಟ್ಟಿಗೆ.
ಕಾದ ಮರಳು, ಹೊಗೆ, ಚಟಪಟ ಅರಳೋ ಅಕ್ಕಿ,
ನಾನು ಚೀಲ ಎಣಿಸಿ ಗೋಡೆ ಮೇಲೆ ಇದ್ದಿಲಲ್ಲಿ ಗೀರೋಳು.
ಶನಿವಾರ ಬಟವಾಡೆ.
ಸಾಹುಕಾರರ ಪುಸ್ತಕಕ್ಕೂ ನನ್ನ ಗೋಡೆಗೂ
ವಾರಕ್ಕೆ ಆರು ಚೀಲ ವ್ಯತ್ಯಾಸ.
ಸಂಖ್ಯಾಶಾಸ್ತ್ರ ನನಗೆ ಹತ್ತಿದ್ದು ಅಲ್ಲಿ, ನೋಡ್ರಿ."

"ಹಾಕ್ತೀನಿ ಮೇಡಂ," ಅಂದೆ.
"ಹಾಕ್ರಿ. ಎಲ್ಲಿ?"

'ಶಿಕ್ಷಣ'ದ ಕೆಳಗಿಟ್ಟೆ.
ಯಾವ ವಿಶ್ವವಿದ್ಯಾಲಯ, ಎಂದು ಕೇಳಿತು ಕಾಲಂ.
'ಸೇವಾನುಭವ'ಕ್ಕೆ ಇಳಿಸಿದೆ.
ಹುದ್ದೆ? ಆದೇಶ ಸಂಖ್ಯೆ?
'ಪ್ರಶಸ್ತಿ'ಗಳ ಪಕ್ಕ ಇಟ್ಟಾಗ ಇಬ್ಬರಿಗೂ ನಗು.
ಚಹಾ ಆರಿ ಕೆನೆಗಟ್ಟಿತು.
ಅವರ ಫೋನು ಎರಡು ಸಲ ಹೊಡೆದುಕೊಂಡಿತು:
ಮರುಮೌಲ್ಯಮಾಪನದ ಫಲಿತಾಂಶ ಬಂದಿಲ್ಲವೆಂದು
ಹುಡುಗರು ಗೇಟಿಗೆ ಅಡ್ಡ ಕೂತಿದ್ದಾರಂತೆ.
"ಇರಲಿ ಬಿಡ್ರಿ, ಪುಟ ತುಂಬೇತಿ," ಅಂತ ಎದ್ದರು.
ಬಾಗಿಲಲ್ಲಿ ಒಂದು ಗಳಿಗೆ ನಿಂತು
"ಗಣಿತದವರೂ ಇರ್ತಾರೆ ಅವರಲ್ಲಿ," ಎಂದರು,
ನನಗೋ, ಫೋನಿಗೋ.

ಸಮಾರಂಭದ ದಿನ ನಿರೂಪಕಿ ಓದಿದಳು
ದೊಡ್ಡ ದನಿಯಲ್ಲಿ, ಒಂದೇ ಉಸಿರಿಗೆ.
ಎಂಬತ್ಮೂರಾದ ಮೇಲೆ ನಾನಿಟ್ಟ ಅಲ್ಪವಿರಾಮ
ಅವಳ ಕಣ್ಣಿಗೆ ಬೀಳಲೇ ಇಲ್ಲ.
ವೇದಿಕೆಯ ಮೇಲೆ ಕೊಟ್ರಮ್ಮ
ಮಡಿಲೊಳಗೆ ಬೆರಳು ಮಡಚಿ ಏನೋ ಎಣಿಸುತ್ತಿದ್ದರು.
ಹಾರ ಹಿಡಿದು ಸಾಲಾಗಿ ನಿಂತವರನ್ನೇ ಇರಬೇಕು.