ಅರ್ಧ ತೂಕ

ಬಂದ್ಯೋಡಿನ ಗುಜರಿಯಿಂದ ಲಾರಿಯ ಹಳೇ ಟಯರು;
ಒಳಗೆ ಜಲ್ಲಿ, ಸಿಮೆಂಟು, ನಡುವೆ ಬಾಗಿಸಿದ ಸರಳು.
ಗೋಣಿ ಹೊದೆಸಿ ದಿನಕ್ಕೆರಡು ಸಲ ನೀರುಣಿಸಿದೆ.
ಗೋಡೆಯಾಚೆಯಿಂದ ಪಾವ್ಲಿನ್ ಬಾಯಿ:
"ಯಾರನ್ನು ಹೂಳುವುದಕ್ಕೆ?"

"ಒಂದು ಸಾಲದು" ಅಂದ ಮಮ್ಮುಂಞಿ,
ಹದಿನೇಳು ವರ್ಷ ಹಡಗಿನ ಹಗ್ಗ ತಿಂದ ಕೈ ಅವನದು.
"ನೀರಿಗಿಳಿದರೆ ಕಾಂಕ್ರೀಟು
ಅರ್ಧ ತೂಕ ಮರೆಯುತ್ತದೆ ಮಾರಾಯ."
ಇನ್ನೊಂದು ಟಯರು ತಂದೆ.

ಆಳ ಎರಡೇ ಮಾರು, ಸರಪಳಿ ಯಾಕೆ ಏಳು?
ಬಿಗಿದು ಕಟ್ಟಿದ ದೋಣಿ ಉಬ್ಬರಕ್ಕೆ
ಮೂಗು ಮುಳುಗಿಸಿಕೊಂಡು ಸಾಯುತ್ತದಂತೆ.
ಕೊಂಡಿಯ ಪಿನ್ನಿಗೆ ತಂತಿ ಸುತ್ತಿ ಹಲ್ಲಿನಲ್ಲಿ ಜಗ್ಗಿದ:
ಹೊಳೆಗೇನು ಬೇರೆ ಕೆಲಸ,
ರಾತ್ರಿಯೆಲ್ಲ ತಿರುಪು ಬಿಚ್ಚುತ್ತ ಕೂರುತ್ತದೆ.

ನೀಲಿ ಡ್ರಮ್ಮು ತೇಲಿತು.
ಹಗ್ಗ ಉಜ್ಜುವಲ್ಲಿ ಪೈಪಿನ ತುಂಡು ತೊಡಿಸಿದೆವು.

ಆ ರಾತ್ರಿಯೇ ಶಿರಿಯದ ಅಳಿವೆಯಿಂದ ಗಾಳಿ.
ಟಾರ್ಚು ಹಿಡಿದು ದಡದಲ್ಲಿ ನಿಂತೆ.
ನನ್ನ ಪುಟ್ಟ ಹಾಯಿದೋಣಿ
ಒಮ್ಮೆ ಕುಂಬಳೆಯ ಕಡೆ ಮುಖ ಮಾಡಿತು,
ಒಮ್ಮೆ ಉಪ್ಪಳದ ಕಡೆ;
ಬ್ಯಾಟರಿ ಮುಗಿದ ಮೇಲೆ
ಸರಪಳಿಯ ಸದ್ದನ್ನಷ್ಟೇ ಎಣಿಸಿದೆ.

ಬೆಳಿಗ್ಗೆ ಡ್ರಮ್ಮಿನ ಮೇಲೆ ನೀರುಕಾಗೆ,
ರೆಕ್ಕೆ ಹರಡಿಕೊಂಡು, ನನ್ನನ್ನು ಲೆಕ್ಕಿಸದೆ.
ಉಸಿರು ಕಟ್ಟಿ ಮುಳುಗಿ
ಕೆಸರಲ್ಲಿ ಪಿನ್ನು ತಡವಿದೆ:
ತಂತಿ ಇದೆ.