ಅಲುಗದ ಗೋಡೆ

ಅಕ್ಕಲಕೋಟ ರಸ್ತೆಯ ಎಂಐಡಿಸಿಯಾಗ
ಟವೆಲ್ಲಿಗೆ ಬಣ್ಣ ಹಾಕೋ ಕಾರ್ಖಾನೆ.
ಬಾಯ್ಲರ್ ಮನಿಯ ಹೊಸ್ತಿಲ ಮ್ಯಾಲ
ಪೆಟ್ಟಿಗಿ ಇಳಿಸಿದಿವಿ ನಾನು, ಸುಗಲಾ.
ಇಪ್ಪತ್ತೆರಡು ಕಿಲೋ.
ಒಳಗ, ಹೊಗಿಯ ಲೆಕ್ಕಾ ಹಿಡಿಯೋ ಯಂತ್ರ:
ಸುಡದ ಉಳಿದ ಗಾಳಿ ಎಷ್ಟು,
ಅರೆಬರೆ ಸುಟ್ಟ ವಿಷ ಎಷ್ಟು.

ಸುಗಲಾ ಪುಸ್ತಕ ಬಿಚ್ಚಿದಳು.
ಮರಾಠಿ ಸಾಲಿಯಾಗ ಕಲಿತ ಹುಡುಗಿ,
ಇಂಗ್ಲಿಷ್ ಓದಿ ನನಗಂತ ಕನ್ನಡಕ್ಕ ಇಳಿಸ್ತಾಳ:
ಬಿಸಿಲು ಬೀಳಬಾರದು.
ಗಾಳಿ ನೇರ ಬಡೀಬಾರದು.
ನಡುಗೋ ಗೋಡೆ ಆಗೂದಿಲ್ಲ.
ತನ್ನ ತೂಕದ ನಾಲ್ಕು ಪಟ್ಟು ಹೊರಬೇಕು.
ನಿಂತವರ ಕಣ್ಣಿನ ಮಟ್ಟಕ್ಕ ಅಂಕಿ ಕಾಣಬೇಕು.
ಎಡಕ್ಕ ಬಾಗಿಲಾ ತೆರಿಲಿಕ್ಕೆ
ನಲವತ್ತು ಸೆಂಟಿಮೀಟರ್ ಬಿಡಬೇಕು.
"ವರಾ ಹುಡುಕಿದಂಗ ಆತಲ್ರಿ ಅಣ್ಣಾ,
ನಾಲ್ಕು ಪಟ್ಟು ಹೊರಾಂವ ನಮ್ಮ ಕಡೆ ಎಲ್ಲಿ ಸಿಗ್ತಾನ!"

ಬಡಗಣ ಗೋಡಿಗೆ ಫ್ಯಾನು ಆತುಕೊಂಡದ.
ಅಲ್ಲಿ ಕಟ್ಟಿ ಮ್ಯಾಲ ಚಹಾದ ಬಸಿ ಇಟ್ಟೆ,
ಬಸಿಯೊಳಗ ಉಂಗುರ ಮ್ಯಾಲ ಉಂಗುರ.
ತೆಂಕಣಕ್ಕ ಕಿಡಕಿ,
ಹನ್ನೊಂದರಿಂದ ಮೂರರ ತನಕಾ ಬಿಸಿಲಿನ ಹಾಸಿಗಿ.
ಪಡುವಣಕ್ಕ ಚಿಮಣಿ ಹತ್ತರ, ಪೈಪು ಗಿಡ್ಡ ಸಾಕಾಗತದ,
ಖುಷಿಯಾತು, ಅಂಗೈ ಹಚ್ಚಿ ನೋಡಿದೆ,
ಹಚ್ಚಿದಷ್ಟೇ ಬೇಗ ತಗದೆ.
ಐವತ್ತೆಂಟು ಡಿಗ್ರಿ, ಅಂದಳು ಸುಗಲಾ,
ನನ್ನ ಕೈ ಮೊದಲೇ ಹೇಳಿತ್ತು.

ಮೂರು ಸುತ್ತು ಹಾಕಿದಿವಿ.
ಮಾಬೂ ಚಾಚಾ ಸ್ಟೂಲಿನ ಮ್ಯಾಲ ಕುಂತು ನೋಡ್ತಿದ್ದ,
ಏನೂ ಅನ್ನಲಿಲ್ಲ.
ಮೂವತ್ತೊಂದು ವರ್ಷದಿಂದ ಇದೇ ಬಾಯ್ಲರು.
ತೂತಿನಾಗ ಕಣ್ಣಿಟ್ಟು ಉರಿ ಓದ್ತಾನ:
ಕೆಂಪಗ ಹೊಗಿಯಾಡಿದ್ರ ಗಾಳಿ ಕಡಿಮಿ,
ಬೆಳ್ಳಗ ಕಣ್ಣು ಚುಚ್ಚಿದ್ರ ಹೆಚ್ಚು,
ಮಾಗಿದ ಗೋದಿ ತೆನಿ ಬಣ್ಣಕ್ಕ ನಿಂತ್ರ
ತಾನೂ ಹೋಗಿ ಕುಂಡರ್ತಾನ.

ತೊಗರಿಕಟ್ಟಿಗಿ ಬ್ರಿಕೆಟ್ಟು ಹಾಕಲಿಕ್ಕೆ ಎದ್ದ.
ಕೈಯಾಗಿನ ಬಸಿ ಎಲ್ಲಿಡಲಿ ಅಂತ ತಿಳೀದೆ
ಆ ಸ್ಟೂಲಿನ ಮ್ಯಾಲ ಇಟ್ಟೆ.

ಚಹಾ ಅಲುಗಲಿಲ್ಲ.
ಟ್ಯೂಬ್‌ಲೈಟು ಅದರೊಳಗ ಉದ್ದಕ್ಕ ಮಲಗಿತ್ತು.
ಬಿಸಿಲಿಲ್ಲ. ಮೂವತ್ತನಾಲ್ಕು ಡಿಗ್ರಿ.
ಗೋಡಿ ಬಡದರ ಗಟ್ಟಿ ಇಟ್ಟಂಗಿ ದನಿ.
ಗೋಡಿಗೊಂದು ಮೊಳಿ, ಮೊಳಿಗೆ ಬುತ್ತಿ ಚೀಲ,
ಸರಿಯಾಗಿ ಕಣ್ಣಿನ ಮಟ್ಟಕ್ಕ.
ಪುಸ್ತಕ ಓದದನೇ ಈ ಮನುಷ್ಯಾ
ಯಾವಾಗೋ ಹುಡುಕಿ ಮುಗಿಸಿದ್ದ.

"ನನ್ನ ಜಾಗಾ ಬೇಕೇನು?"
ಸುಗಲಾ ನನ್ನ ನೋಡಿದಳು.
ನಾನು ಡ್ರಿಲ್ಲಿನ ವೈರು ಬಿಚ್ಚಲಿಕ್ಕೆ ಹತ್ತಿದೆ,
ಗಂಟಿರದ ವೈರು.
ಚೀಲ ಇಳಿಸಿದ. ಸ್ಟೂಲು ಎತ್ತಿದ.
ಇಕ್ಕಳ ಕೇಳಿ ತಾನೇ ಮೊಳಿ ಕಿತ್ತಿದ.

ನಾಲ್ಕು ತೂತು. ಕೆಂಪು ಪುಡಿ ಸುರೀತು
ನನ್ನ ಬೂಟಿನ ಮ್ಯಾಲ, ಅವನ ಚಪ್ಪಲಿ ಮ್ಯಾಲ.
ಮಟ್ಟಗೋಲು ಹಿಡದು ನಿಂತಾಂವ ಚಾಚಾನೇ,
"ಗುಳ್ಳಿ ನಡುವ ಬಂತು, ಬಿಗಿ ಮಾಡ್ರಿ."
ಪೈಪಿಗೆ ಇಳಿಜಾರು ಕೊಟ್ಟಿವಿ,
ಹೊಗಿಯ ಬೆವರು ತಿರುಗಿ ಯಂತ್ರಕ್ಕ ಬರಬಾರದು.
ಯಂತ್ರದ ಉಸಿರನ್ನ ಗೋಡಿ ತೂತಿಲೆ
ಹೊರಗಿನ ಬೇವಿನ ಗಿಡದ ಕಡೆ ಬಿಟ್ಟಿವಿ.

ಹೊರಗಿನ ಗಾಳಿ ಕುಡಿಸಿದಾಗ
ಇಪ್ಪತ್ತು ಪಾಯಿಂಟ್ ಒಂಬತ್ತಕ್ಕ ನಿಂತಿತು.
"ಚಾಚಾ, ಈ ನಳಿಗೆ ಊದ್ರಿ" ಅಂದಳು ಸುಗಲಾ.
ಉರಿ ಮುಂದ ಬಗ್ಗಿ ಬಗ್ಗಿ ಸುಟ್ಟ ತುಟಿ
ನಳಿಗೆ ಹಚ್ಚಿ ಊದಿದ.
ಹತ್ತೊಂಬತ್ತು. ಹದಿನೆಂಟು.
ಹದಿನಾರು ಪಾಯಿಂಟ್ ಏಳು.
ಅಂಕಿ ನೋಡಿ, ತನ್ನ ಎದಿ ನೋಡಿಕೊಂಡು ನಕ್ಕ,
"ಉರಿ ಇನ್ನೂ ಅದಲ್ಲ!"

ಒಂದು ಬೋಲ್ಟು ಉಳದಿತ್ತು.
ಐದನೇ ತೂತು ಹಾಕಿದೆ,
ಎಡಕ್ಕ, ನಲವತ್ತು ಬಿಟ್ಟು, ಐವತ್ತರ ಹತ್ತರ.
ಚೀಲ ಸಿಗಿಸಿ, ಯಂತ್ರದ ಬಾಗಿಲಾ ತೆರದು ನೋಡಿದೆ.
ತಾಗಲಿಲ್ಲ.
ಸುಗಲಾ ಬಸಿಯ ಚಹಾ ಎತ್ತಿ ಕುಡಿದಳು,
ಆರಿ ಹೋಗಿತ್ತು.