ಹನ್ನೊಂದನೇ ಸಿಗ್ನಲ್

ಮೊದಲು ಸತ್ತದ್ದು ಚಿತ್ರ ಬಿಡಿಸೋ ಪ್ರೋಗ್ರಾಮು.
ಆನೆಹೆಜ್ಜೆಯ ನಾಕನೇ ಕಾಲು ಇಡೂದರೊಳಗ
ಪರದೆ ಒಮ್ಮೆ ಮಿಟುಕಿತು, ಕಿಟಕಿಯೇ ಇಲ್ಲ.
ಕರಿ ಟರ್ಮಿನಲ್‌ನಾಗ ಒಂದು ಸಾಲು:
ಸೆಗ್ಮೆಂಟೇಶನ್ ಫಾಲ್ಟ್.
ಯಾರ ಫಾಲ್ಟು ಅಂತ ಮಾತ್ರ ಬರದಿಲ್ಲ.

ಮರುದಿನ ಬ್ರೌಸರು.
ಅದರ ಮರುದಿನ, ಸುಮ್ಮನ ಮೂಲ್ಯಾಗ ಕುಂತು
ಹೊತ್ತು ತೋರಸ್ತಿದ್ದ ಬಡಪಾಯಿ ಗಡಿಯಾರ.
ಬುಧವಾರ ಯಾರೂ ಸಾಯಲಿಲ್ಲ.
ಅದಽ ನನಗ ಹೆಚ್ಚಿನ ಹೆದರಿಕಿ.

ಗುಳೇದಗುಡ್ಡದ ನಮ್ಮ ಓಣಿಗೆ ಸಿಗ್ನಲ್ ಅನ್ನೂದೊಂದಿಲ್ಲ,
ಆಕಳು ಎದ್ದರ ದಾರಿ, ಮಲಗಿದರ ಇಲ್ಲ.
ನನ್ನ ಡಬ್ಬಿಯ ಲಾಗ್ ತಗದರ
ಸತ್ತವರ ಹೆಸರಿನ ಮುಂದ ಎಲ್ಲಾರಿಗೂ ಒಂದಽ:
ಸಿಗ್ನಲ್ ಹನ್ನೊಂದು, ಸಿಗ್ನಲ್ ಹನ್ನೊಂದು.
ಕರ್ನಲ್ ಅಂದರ ಹಳೇ ತಲಾಟಿ,
ಹೆಸರು, ನಂಬರು, ಗಳಿಗಿ ತಪ್ಪದಽ ಬರೀತಾನ;
ಕಾರಣದ ಮನಿ ಖಾಲಿ ಬಿಡ್ತಾನ.

ಎಲ್ಲಾ ಪ್ಯಾಕೇಜು ಹೊಸದು ಹಾಕಿದೆ. ಸತ್ತವು.
ಹಳೇದಕ್ಕ ಹೊರಳಿದೆ. ಸತ್ತವು.
ಎದುರಿನ ಪಾವರ್‌ಲೂಮ್ ಚಾಲೂ ಆದಾಗ ದೀಪ ಮಂಕಾಗತಾವಂತ
ಭಾವನ ಯುಪಿಎಸ್ ಎರವಲು ತಂದೆ.
ಮುಚ್ಚಳ ಬಿಚ್ಚಿದರ ಫ್ಯಾನಿನ ಹೊಟ್ಟ್ಯಾಗ
ಐದು ಬತ್ತಿ ಹೊಸೀಬಹುದಾದಷ್ಟು ಹತ್ತಿ.
ತಗದೆ, ಒರಸಿದೆ, ತಣ್ಣಗಾತು.
ತಣ್ಣಗಿದ್ದಾಗಲೂ ಸತ್ತವು.

ಹುಚ್ಚೇಶಪ್ಪ ಬಂದ, ತನ್ನ ರಟ್ಟಿನ ಕಾರ್ಡು ಕೇಳಲಿಕ್ಕೆ.
ಕುಣಿಮಗ್ಗದಾಗ ಅರವತ್ತು ವರ್ಷ ಕಾಲು ಇಳಿಬಿಟ್ಟವ.
ಪರದೆ ಕಡೆ ನೋಡಲೇ ಇಲ್ಲ, ಕೇಳಿದ:
‘ಒಂದಽ ಜಾಗಾದಾಗ ಹರೀತೈತೋ,
ಜಾಗಾ ಬದಲಸ್ತೈತೋ?’
ಬದಲಸ್ತೈತಿ ಅಂದೆ.
‘ಒಂದಽ ಕಡೆ ಹರದರ ಫಣಿ ನೋಡು.
ದಿನಕ್ಕೊಂದು ಕಡೆ ಹರದರ ನೂಲು ನೋಡು.’
ಬಾಯಿಗೆ ಎಲಿ ಇಟ್ಟುಕೊಂಡು ನಡದುಬಿಟ್ಟ.

ನೂಲು.
ಈ ಡಬ್ಬಿಯಾಗ ಯಾವುದು ನೂಲು?
ಯಾವುದರ ಮ್ಯಾಲ ಎಲ್ಲಾರೂ ತಮ್ಮ ತಮ್ಮ ಹೊಕ್ಕು ಹೊಡೀತಾರ?

ರಾತ್ರಿ ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷೆಗೆ ಹಚ್ಚಿ
ಚಾಪಿ ಮ್ಯಾಲ ಅಡ್ಡಾದೆ. ಒಂದನೇ ಸುತ್ತು ಸ್ವಚ್ಛ.
ಎರಡನೇದೂ ಸ್ವಚ್ಛ.
ಮೂರೂವರೆಗೆ ಎಚ್ಚರಾದರ
ನೀಲಿ ಪರದೆಗೆ ಒಂದು ಕೆಂಪು ಗೆರಿ:
ಇಟ್ಟದ್ದು ಒಂದು, ತಗದದ್ದು ಸೊನ್ನೆ.
ಆರು ಸಾವಿರದ ಎಂಟುನೂರು ಕೋಟಿ ಮನಿಯೊಳಗ
ಒಂದು ಮನಿ ಸುಳ್ಳು ಹೇಳತಿತ್ತು.
ಅದೂ ದಿನಾ ಅಲ್ಲ, ಮನಸು ಬಂದಾಗ.

ಆಗ ನೆನಪಾತು.
ಹೋದ ತಿಂಗಳು ನಾಗಮುರಿಗಿಯ ಎರಡುನೂರಾ ಹದಿನೇಳನೇ ರಟ್ಟಿಗೆ
ಒಂದು ತೂತು ಕಮ್ಮಿ ಬಿದ್ದಿತ್ತು.
ತೂತು ಹೊಡಿಯೋ ಕಳಕೇಶನ ಮ್ಯಾಲ
ಓಣಿಗೆ ಕೇಳೂವಂಗ ಕೂಗಾಡಿದ್ದೆ,
ಕಣ್ಣು ಎಲ್ಲಿ ಅಡಾ ಇಟ್ಟಿದೀಯೋ ಅಂತ.
ಪಗಾರದಾಗ ಮುನ್ನೂರು ಹಿಡದಿದ್ದೆ.
ಮುಂಜಾನೆ ಬಂದಾಗ ರೊಕ್ಕ ಮುಂದಿಟ್ಟು, ತಪ್ಪು ನಿಂದಲ್ಲ, ರ‍್ಯಾಮಿಂದು ಅಂದೆ.
‘ಯಾವ ರಾಮಣ್ರೀ ಅಕ್ಕಾರ?’ ಅಂದ.
ನಗಬೇಕಿತ್ತು. ಆಗಲಿಲ್ಲ.

ಹೊಸಾ ಕಡ್ಡಿಗೆ ಬಾಗಲಕೋಟಿ ಅಂಗಡಿಯವ ಹೇಳಿದ ರೇಟು
ಎರಡು ವಾರದ ದುಡಿತ.
ಕಡೀಕ, ಬೂಟ್ ಆಗೋ ಸಾಲಿನ ಬಾಲಕ್ಕ
ಆ ವಿಳಾಸ ಬರದು ಕರ್ನಲ್‌ಗೆ ಹೇಳಿದೆ:
ಇಲ್ಲಿ ಕಾಲಿಡಬ್ಯಾಡ, ದಾಟಿ ಹೋಗು.

ನಮ್ಮ ಗಟಾರದ ಮ್ಯಾಲೂ ಒಂದು ಹಾಸುಗಲ್ಲು ಅಲುಗತೈತಿ.
ಯಾರೂ ರಿಪೇರಿ ಮಾಡಿಸಿಲ್ಲ.
ಕೊಡ ಹೊತ್ತವರು, ಸಾಲಿ ಹುಡುಗರು,
ಕತ್ತಲದಾಗ ಕುಡದು ಬರೋವ ಸೈತ
ಅಲ್ಲಿ ಬಂದಾಗ ಒಂದು ಹೆಜ್ಜಿ ಉದ್ದ ಹಾಕತಾನ.

ಹನ್ನೆರಡು ದಿನ ಆತು, ಯಾರೂ ಸತ್ತಿಲ್ಲ.
ಆದರೂ ಆನಿಯ ಒಂದೊಂದು ಕಾಲು ಬರದಮ್ಯಾಲೂ
ನನ್ನ ಬಟ್ಟು ತಾನಽ ಹೋಗಿ
ಸೇವ್ ಒತ್ತಿ ಬರತೈತಿ.